ರಾಣಿಯ ಮಕ್ಕಳು

೫ ಫೆಬ್ರವರಿ ೧೯೮೬

ರಾಸಾಯನಿಕ ಮಾರುವ ಕಂಪನಿಯವರು ವರ್ಷಕ್ಕೊಂದು ಡೈರಿ ಕೊಡುತ್ತಾರೆ. ಇಷ್ಟು ವರ್ಷ ಅದರ ಹಾಳೆಗಳನ್ನು ಮೀನಿನ ಮುಳ್ಳು ಸುತ್ತಿ ಎಸೆಯಲು ಬಳಸುತ್ತಿದ್ದೆ. ಈ ಸಲ ಬರೆಯೋಣ ಎನ್ನಿಸಿದೆ. ಹಗಲೆಲ್ಲ ಹುಡುಗಿಯರ ಮೇಲೆ ರೇಗಿ ಮನೆಗೆ ಬಂದರೆ ಮಾತಾಡಲು ಇರುವುದು ಬೆಕ್ಕೊಂದೇ. ಅದಕ್ಕೂ ನನ್ನ ಮಾತು ಸಾಕಾದ ಹಾಗಿದೆ, ಮೀನು ತಿಂದ ಕೂಡಲೇ ಎದ್ದು ಹೋಗುತ್ತದೆ.

ಇವತ್ತು ರೇಗಿದ್ದು ಕಮ್ಸಿಯಾ ಮೇಲೆ. ಓದಿಕೊಂಡ ಹುಡುಗಿ, ನನ್ನನ್ನು ಸ್ವಂತ ಅಕ್ಕನ ಹಾಗೆ ಕಾಕ್ ಎಂದು ಕರೆಯುವ ಸಹಾಯಕಿ, ಮುಂದೊಂದು ದಿನ ನನ್ನ ಕುರ್ಚಿಯಲ್ಲಿ ಕೂರಬೇಕಾದವಳು. ನಮ್ಮ ತಾಳೆ ಪ್ರಯೋಗಾಲಯದ ಕತ್ತಲೆ ಕೋಣೆಯ ಕೆಳಗಿನ ಹಲಗೆಯಲ್ಲಿ ಬೂಷ್ಟು ಹಿಡಿದ ಬಾಟಲಿಯೊಂದನ್ನು ಹಿಂದಕ್ಕೆ ಸರಿಸಿ ಇಟ್ಟಿದ್ದಳು.

"ಇದೇನೇ ಇದು?"

"ಒಂದೇ ಒಂದು ಚುಕ್ಕೆ ಕಾಕ್. ಒಳಗಿರೋ ಮುದ್ದೆ ಚೆನ್ನಾಗಿತ್ತು. ಅಂಚು ಕತ್ತರಿಸಿ ಉಳಿಸ್ಕೊಳ್ಳೋಣ ಅಂತ…"

"ಚುಕ್ಕೆ ಅಷ್ಟೇನಾ! ನಿನ್ನ ಮದುವೆ ಅಡುಗೇಲಿ ಒಂದೇ ಒಂದು ಹಲ್ಲಿ ಬಿದ್ರೆ, ಅದನ್ನ ತೆಗೆದು ಪಕ್ಕಕ್ಕಿಟ್ಟು ಬಡಿಸ್ತೀಯಾ?"

ಉಳಿದವರೆಲ್ಲ ಬಾಯಿಗೆ ಮುಸುಕು ಕಟ್ಟಿಕೊಂಡೇ ನಕ್ಕರು. ಆ ಬಾಟಲಿಯನ್ನಷ್ಟೇ ಅಲ್ಲ, ಆ ಸಾಲನ್ನೇ ಕುದಿಸಿ ಚೆಲ್ಲಿಸಿದೆ. ಇಲ್ಲಿ ಮುಚ್ಚಿಡುವ ಆಟ ನಡೆಯುವುದಿಲ್ಲ, ಕೆಟ್ಟದ್ದು ಕಂಡ ಕ್ಷಣವೇ ಹೇಳಬೇಕು, ಹೇಳಿದವರನ್ನು ನಾನು ಬೈಯುವುದಿಲ್ಲ ಎಂದು ಎಲ್ಲರೆದುರು ಸಾರಿದೆ. ಕಮ್ಸಿಯಾ ಹಿತ್ತಲಿಗೆ ಹೋಗಿ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ನನಗೇ ಬಾಳೆಹಣ್ಣಿನ ಬೋಂಡ ತಂದುಕೊಟ್ಟಳು. ಒಳ್ಳೆಯ ಹುಡುಗಿ, ಸಿಟ್ಟು ಇಟ್ಟುಕೊಳ್ಳುವುದಿಲ್ಲ.

ಹಾಜಿ ಬಹಾರುಂ ಅವರಿಗೆ ತಂಪು ಯಂತ್ರ ಕೆಟ್ಟಿದೆ ಎಂದು ಮತ್ತೆ ಹೇಳಿದೆ. ನಮ್ಮ ಸಂಶೋಧನಾ ವಿಭಾಗಕ್ಕೆಲ್ಲ ಅವರೇ ದೊಡ್ಡವರು. "ಇನ್ನೊಂದು ಹಂಗಾಮು ನೋಡೋಣ" ಎಂದರು. ಕಕ್ಕಸಿನ ಬಾಗಿಲಿಗೂ ಅದೇ ಉತ್ತರ, ಹುಡುಗಿಯರ ಸಂಬಳಕ್ಕೂ ಅದೇ ಉತ್ತರ. ಗೋರಿಗೆ ಇಳಿಸುವಾಗಲೂ ಈ ಮನುಷ್ಯ ಎದ್ದು ಕೂತು ಅದನ್ನೇ ಹೇಳಿಯಾರು ಎಂದು ಊಟದ ಹೊತ್ತಿನಲ್ಲಿ ಅವರ ಹಾಗೆಯೇ ಗಂಟಲು ಸರಿಪಡಿಸಿಕೊಂಡು ತೋರಿಸಿದೆ. ಹುಡುಗಿಯರು ಬಿದ್ದು ಬಿದ್ದು ನಕ್ಕರು.

೧೬ ಫೆಬ್ರವರಿ

ಚೀನೀ ಹೊಸವರ್ಷದ ರಜೆ ಮುಗಿಯಿತು. ರಾಣಿಯನ್ನು ಹೊಸ ಬಾಟಲಿಗಳಿಗೆ ಬದಲಾಯಿಸಿದೆವು.

ರಾಣಿ ಎಂದು ಹೆಸರಿಟ್ಟದ್ದು ನಾನೇ. ಏಳನೇ ಬ್ಲಾಕಿನಲ್ಲಿ ಒಂದು ಎಣ್ಣೆ ತಾಳೆ ಮರವಿದೆ. ಪಕ್ಕದ ಮರಗಳು ಎರಡು ಗೊನೆ ಬಿಡುವ ಹೊತ್ತಿಗೆ ಅದು ನಾಲ್ಕು ಬಿಡುತ್ತದೆ. ಬೀಜ ಹಾಕಿ ಬೆಳೆಸಿದರೆ ಮಕ್ಕಳು ಯಾರನ್ನು ಹೋಲುತ್ತಾರೋ ಹೇಳಲಾಗದು. ಅದಕ್ಕೇ ಆ ಮರದ ಬೇರಿನ ತುದಿಗಳನ್ನು ಕತ್ತರಿಸಿ ತಂದು, ಸಕ್ಕರೆ, ಲವಣ, ಹಾರ್ಮೋನು ಬೆರೆಸಿದ ಲೋಳೆಯ ಮೇಲೆ ಕತ್ತಲಲ್ಲಿ ಇಟ್ಟೆವು. ತಿಂಗಳುಗಟ್ಟಲೆ ಕಾದರೆ ಬೇರು ತಾನು ಬೇರು ಎನ್ನುವುದನ್ನೇ ಮರೆತು ಮುದ್ದೆಯಾಗಿ ಉಬ್ಬುತ್ತದೆ. ಮುದ್ದೆಯಿಂದ ಮೊಳಕೆ, ಮೊಳಕೆಯಿಂದ ಗಿಡ, ಪ್ರತಿ ಗಿಡವೂ ಆ ಒಂದೇ ತಾಯಿಯ ಪಡಿಯಚ್ಚು.

ಮುದ್ದೆಗಳಲ್ಲಿ ಹೆಚ್ಚಿನವು ಹಠಮಾರಿಗಳು. ಗಟ್ಟಿಯಾಗಿ, ಗಂಟು ಗಂಟಾಗಿ, ಬಟಾಣಿ ಗಾತ್ರಕ್ಕೆ ಬರಲು ಅರ್ಧ ವರ್ಷ ತೆಗೆದುಕೊಳ್ಳುತ್ತಿದ್ದವು. ಒಂದು ಬಾಟಲಿಯಲ್ಲಿ ಮಾತ್ರ ಮೆತ್ತನೆಯ, ನೀರು ನೀರಾದ, ಬೆಣ್ಣೆ ಬಣ್ಣದ ಮುದ್ದೆ ಹುಟ್ಟಿತು. ಕತ್ತರಿಸಿ ಎರಡು ಮಾಡಿದರೆ ಎರಡೂ ಬಾಟಲಿ ತುಂಬಿದವು, ನಾಲ್ಕು ಮಾಡಿದರೆ ನಾಲ್ಕೂ ತುಂಬಿದವು. ಹಠಮಾರಿಗಳನ್ನೆಲ್ಲ ಎಸೆದು ಇದಕ್ಕೇ ತಾಯಿಯ ಹೆಸರಿಟ್ಟು ಬೆಳೆಸಿದೆ. ನನ್ನ ಜಾಗದಲ್ಲಿ ಯಾರಿದ್ದರೂ ಹಾಗೆಯೇ ಮಾಡುತ್ತಿದ್ದರು. ಅದರ ಮೊದಲ ತಂಡದ ಗಿಡಗಳು ಪ್ರಯೋಗದ ತೋಟದಲ್ಲಿ ಕಳೆದ ವರ್ಷ ಗೊನೆ ಬಿಟ್ಟಾಗ ಕೋಲಾಲಂಪುರದಿಂದ ಬಂದವರು ಚಪ್ಪಾಳೆ ತಟ್ಟಿದರು. ಆ ದಿನ ನಾನು ಹೆಮ್ಮೆಯಿಂದ ಬೀಗಿದ್ದು ನಿಜ.

ಇವತ್ತು ಕಮ್ಸಿಯಾ ಒಂದು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುತ್ತ ನಿಂತಳು.

"ಇದು ನಿಲ್ಲೋದೇ ಇಲ್ವಲ್ಲ ಕಾಕ್. ನಮ್ಮ ಚಿಕ್ಕಪ್ಪನ ಹೊಟ್ಟೇಲಿ ಒಂದು ಗಡ್ಡೆ ಇತ್ತು. ಅದೂ ಹೀಗೇ ಬೆಳೀತಿತ್ತು."

"ಹೋಗಿ ಬಾಯಿ ತೊಳ್ಕೊಂಡು ಬಾ," ಎಂದೆ.

೭ ಮಾರ್ಚ್

ಶುಕ್ರವಾರದ ರಜೆ. ಪಾರಿತ್ ಜಾಂಬುವಿಗೆ, ಅಮ್ಮನ ಮನೆಗೆ ಹೋಗಿ ಬಂದೆ.

ಅಪ್ಪನ ತೆಂಗಿನ ತೋಟದಲ್ಲಿ ಅರ್ಧ ಈಗ ನನ್ನ ತಾಳೆ ಗಿಡಗಳ ಪಾಲಾಗಿದೆ. ರಾಣಿಯ ಎರಡನೇ ತಂಡದವು. ಸೊಂಟದೆತ್ತರ ದಾಟಿ ಗರಿ ಹರಡಿ ನಿಂತಿವೆ, ದೃಷ್ಟಿ ತಾಗುವ ಹಾಗೆ. ತಂಗಿ ರುಹಾಯಾ ಮತ್ತು ಅವಳ ಗಂಡ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ.

ತೆಂಗು ಕಡಿಯಲು ಅಮ್ಮ ಮೊದಲು ಒಪ್ಪಿರಲಿಲ್ಲ. "ನಿಮ್ಮಪ್ಪ ನೆಟ್ಟಿದ್ದು, ನಾನು ಸತ್ತ ಮೇಲೆ ಏನಾದ್ರೂ ಮಾಡ್ಕೊಳ್ಳಿ" ಎಂದು ಕೂತುಬಿಟ್ಟಿದ್ದಳು. ಅವಳನ್ನು ಒಪ್ಪಿಸಿದ್ದು ಹಣದ ಮಾತಲ್ಲ, ವಾಸನೆ. ತಾಳೆಯ ಗಂಡು ಹೊಂಬಾಳೆ ಅರಳಿದಾಗ ಸೋಂಪಿನ ವಾಸನೆ ಬರುತ್ತದೆ, ಪರಾಗ ಹರಡುವ ಮೂತಿಹುಳಗಳು ಅದಕ್ಕೇ ಮುತ್ತುತ್ತವೆ. ಅದನ್ನು ಹೇಳಿದ್ದೆ. ಕಣ್ಣಿಗೆ ಪೊರೆ ಬಂದ ಮೇಲೆ ಅಮ್ಮನಿಗೆ ಲೋಕವೆಲ್ಲ ಮೂಗಿನಲ್ಲೇ ಇದೆ. ಯಾರ ಮನೆಯ ಸಾರಿಗೆ ಏನು ಕಡಿಮೆಯಾಗಿದೆ ಎಂದು ಬೇಲಿಯ ಈಚೆಯಿಂದಲೇ ಕೂಗಿ ಹೇಳುತ್ತಾಳೆ.

"ಯಾವಾಗ್ಲೇ ಸೋಂಪು?" ಎಂದಳು ಇವತ್ತೂ.

"ಈ ವರ್ಷ ಬರುತ್ತೆ ಮಕ್. ಬೆಳಿಗ್ಗೆ ಬಾಗಿಲು ತೆಗೆದ್ರೆ ಸಾಕು, ಅಂಗಳವೆಲ್ಲ ಘಮ್ ಅನ್ನುತ್ತೆ."

"ನೋಡೋಕಂತೂ ಆಗಲ್ಲ. ಮೂಸಿಯಾದ್ರೂ ಸಾಯ್ತೀನಿ."

ಪಕ್ಕದ ಮನೆಯ ವಾಕ್ ತುಕಿರಾನ್ ಬೇಲಿ ಹಾರಿ ಬಂದ. ಅಪ್ಪನ ಗೆಳೆಯ, ಹಲ್ಲಿಲ್ಲದಿದ್ದರೂ ಬಾಯಿ ಜೋರು. ವರ್ಷದ ಕೊನೆಗೆ ಮೂರನೇ ತಂಡ ಈ ಊರಿಗೆಂದೇ ಬರಲಿದೆ. ಕಾಫಿ, ತೆಂಗು ಕಡಿದು ಎಲ್ಲರೂ ತಾಳೆ ನೆಡುತ್ತಾರಂತೆ. "ನಿಮ್ಮಮ್ಮನ ಗಿಡ ಒಂದು ಗೊನೆ ಬಿಡ್ಲಿ, ಅವತ್ತೇ ನನ್ನ ತೆಂಗಿಗೆ ಕೊಡಲಿ ಬೀಳುತ್ತೆ" ಎಂದ. ಅವನ ತೆಂಗಿನ ಕೆಳಗೇ ನಾವು ಆಡಿ ಬೆಳೆದದ್ದು. ಎಳನೀರು ಕೆಡವಿ ಕೊಟ್ಟ, ಕುಡಿದು ಬಂದೆ.

೨೨ ಏಪ್ರಿಲ್

ಪ್ರಯೋಗದ ತೋಟಕ್ಕೆ ಹೋಗಿದ್ದೆ. ರಸ್ತೆಯ ಬದಿಯ ಸಾಲುಗಳು ಮೊದಲ ತಂಡದವು. ಅಲ್ಲಿ ಎಂದಿನಂತೆ ಸೋಂಪಿನ ವಾಸನೆ, ಹೊಂಬಾಳೆಯ ತುಂಬ ಮೂತಿಹುಳಗಳ ಗುಂಯ್ ಶಬ್ದ. ಹೊಳೆಯ ಬದಿಗೆ ಇಳಿದರೆ ಎರಡನೇ ತಂಡ. ಅವೂ ಹೂ ಬಿಟ್ಟಿವೆ.

ಅಲ್ಲಿ ವಾಸನೆ ಇರಲಿಲ್ಲ.

ಮೊದಲು ನನಗೆ ಗೊತ್ತಾದದ್ದು ಅದಲ್ಲ, ಶಬ್ದವಿಲ್ಲದ್ದು. ಹಟ್ಟ ಹಗಲಿನಲ್ಲಿ ಅಷ್ಟು ಮರಗಳು ಹೂ ಬಿಟ್ಟು ನಿಂತಿವೆ, ಒಂದು ಹುಳದ ಸದ್ದಿಲ್ಲ. ನನ್ನ ಚಪ್ಪಲಿಯ ಸದ್ದು ನನಗೇ ಕೇಳುತ್ತಿತ್ತು. ಗಾಳಿ ಆ ಕಡೆಗೆ ಬೀಸುತ್ತಿರಬೇಕು ಎಂದುಕೊಂಡೆ. ಗರಿಗಳು ಅಲುಗುತ್ತಿರಲಿಲ್ಲ.

೨೪ ಏಪ್ರಿಲ್

ಕಮ್ಸಿಯಾಳನ್ನು ಕರೆದುಕೊಂಡು ಹೋಗಿ ಹೊಳೆಯ ಬದಿಯ ಒಂದು ಮರದಿಂದ ಎಳೆಯ ಗೊನೆ ಕಡಿಸಿದೆ. ಬಕೆಟ್ಟಿನಲ್ಲಿ ತಂದು ಮೇಜಿನ ಮೇಲೆ ಸುರಿದು ಕೂತೆವು.

ತಾಳೆ ಕಾಯಿ ಒಂಟಿ, ನುಣುಪು. ಇವು ಹಾಗಿಲ್ಲ. ಪ್ರತಿ ಕಾಯಿಯ ಸುತ್ತ ಆರು ದಪ್ಪ ಎಸಳು ಎದ್ದು ಬಂದು ಕಾಯಿಯನ್ನು ಅಪ್ಪಿಕೊಂಡಿವೆ, ಬೆಳ್ಳುಳ್ಳಿ ಗಡ್ಡೆಯ ಹಾಗೆ. ಗಂಡಾಗಬೇಕಿದ್ದ ಭಾಗಗಳೆಲ್ಲ ಕಾಯಾಗಲು ಹೊರಟಿವೆ. ಕುಯ್ದು ನೋಡಿದರೆ ಒಳಗೆ ತಿರುಳಿಲ್ಲ, ಟೊಳ್ಳು. ಅದೇ ಗೊನೆಯ ಬುಡದ ಕಾಯಿಗಳು ಹಣ್ಣಾಗದೆ ಆಗಲೇ ಕೊಳೆಯುತ್ತಿದ್ದವು.

"ಎಲ್ಲಾ ಕಾಯೂ ಹೀಗೇ," ಎಂದಳು ಕಮ್ಸಿಯಾ. "ಕಾಕ್, ಗಿಡ ನೋಡಿದ್ರೆ ಗೊತ್ತೇ ಆಗಲ್ಲ. ಎಲೆ, ಬೇರು, ಕಾಂಡ ಎಲ್ಲಾ ಚಿನ್ನದಂಥದ್ದು."

ನಾನು ಕೈ ತೊಳೆದುಕೊಂಡೆ. ಮತ್ತೆ ತೊಳೆದುಕೊಂಡೆ. ನನಗೆ ಹೆದರಿಕೆಯಾಗಿದೆ, ಬರೆದುಬಿಡುತ್ತೇನೆ. ಕೆಟ್ಟದ್ದು ನೆಲದಲ್ಲಿಲ್ಲ, ಬರದಲ್ಲಿಲ್ಲ. ಅದು ಬಾಟಲಿಯಲ್ಲೇ ಹುಟ್ಟಿ ಗಿಡದೊಳಗೆ ಕೂತು ಹೂ ಬಿಡುವವರೆಗೆ ಸುಮ್ಮನಿತ್ತು. ಅಮ್ಮನ ತೋಟದಲ್ಲಿ ಇರುವುದೂ ಇದೇ ತಂಡ. ಮೂರನೇ ತಂಡ ನರ್ಸರಿಯಲ್ಲಿ ಸಾಲಾಗಿ ನಿಂತು ಪಾರಿತ್ ಜಾಂಬುವಿಗೆ ಹೋಗಲು ಕಾಯುತ್ತಿದೆ. ಅದನ್ನು ನಿಲ್ಲಿಸಲೇಬೇಕು.

೩ ಮೇ

ಹಾಜಿ ಬಹಾರುಂ ಮುಂದೆ ಕಾಯಿಗಳನ್ನು ಸುರಿದೆ. ಅವರ ಕಡತಗಳಿಗೆ ಕೊಳೆ ನೀರು ತಾಗಿತು, ತಾಗಲಿ.

"ನಾಲ್ಕು ಮರ ನೋಡಿ ಊರೇ ಹೊತ್ತಿ ಉರೀತು ಅಂತೀರಲ್ಲ ಮಾಜ್ನಾ. ಮೂತಿಹುಳ ಕಡಿಮೆ ಆಗಿರಬೇಕು. ಹುಳ ಬರದಿದ್ರೆ ಕಾಯಿ ಕೆಡುತ್ತೆ."

"ಹುಳ ಬರದೆ ಹೂ ಕೆಟ್ಟಿಲ್ಲ ತುವಾನ್ ಹಾಜಿ. ಹೂ ಕೆಟ್ಟಿರೋದಕ್ಕೆ ಹುಳ ಬಂದಿಲ್ಲ. ಮೂರನೇ ತಂಡ ಸುಡಿಸ್ಬೇಕು."

ಅವರು ಕನ್ನಡಕ ತೆಗೆದು ಒರೆಸಿದರು. "ಸುಡಿಸೋಣ. ಆಮೇಲೆ? ಪ್ರಯೋಗಾಲಯಕ್ಕೆ ಬೀಗ ಹಾಕ್ತಾರೆ. ನಿಮ್ಮ ಹುಡುಗಿಯರನ್ನ ಮನೆಗೆ ಕಳಿಸೋ ಮಾತು ನೀವೇ ಹೇಳ್ತೀರೋ, ನಾನು ಹೇಳ್ಲೋ?" ಎಂದು ಕೇಳಿ, ನಾನು ಬಾಯಿ ತೆರೆಯುವ ಮೊದಲೇ, "ಇನ್ನೊಂದು ಹಂಗಾಮು ನೋಡೋಣ" ಎಂದರು.

ಮೈಯೆಲ್ಲ ಉರಿಯಿತು. ಹೇಡಿ ಮನುಷ್ಯ. ಕೋಲಾಲಂಪುರಕ್ಕೆ ನಾನೇ ನೇರವಾಗಿ ಬರೆಯುತ್ತೇನೆ. ಮುಂದಿನ ವಾರ ಉಪವಾಸದ ತಿಂಗಳು ಶುರುವಾಗುತ್ತದೆ, ಅದು ಮುಗಿಯುತ್ತಿದ್ದಂತೆ ಬರೆಯುತ್ತೇನೆ.

೨೦ ಮೇ

ಉಪವಾಸ. ಮಧ್ಯಾಹ್ನವಾದರೆ ತಲೆ ಸಿಡಿಯುತ್ತದೆ, ಬರೆಯಲು ಕೂತರೆ ಅಕ್ಷರ ಕುಣಿಯುತ್ತವೆ.

ಕಮ್ಸಿಯಾ ತಾನೇ ಹೊಳೆಯ ಬದಿಯ ಸಾಲುಗಳನ್ನೆಲ್ಲ ಸುತ್ತಿ ಬಂದಿದ್ದಾಳೆ. ಅರ್ಧಕ್ಕಿಂತ ಹೆಚ್ಚು ಮರಗಳು ಹಾಗೇ ಇವೆಯಂತೆ.

"ಮೂರನೇ ತಂಡವನ್ನ ಇನ್ನೂ ಹೆಚ್ಚು ಸಲ ಬಾಟಲಿ ಬದಲಾಯಿಸಿದೀವಿ ಕಾಕ್. ಬದಲಾಯಿಸಿದಷ್ಟೂ ದೋಷ ಹೆಚ್ಚುತ್ತೆ, ಅದರಲ್ಲಿ ಇನ್ನೂ ಜಾಸ್ತಿ ಇರುತ್ತೆ."

"ಅದು ನಿನಗೆ ಹೇಗೆ ಗೊತ್ತು? ಅವು ಹೂ ಬಿಟ್ಟಿವೆಯಾ?"

"ಬಿಟ್ಟ ಮೇಲೆ ಗೊತ್ತಾಗಿ ಏನು ಮಾಡೋದು?"

ಎದುರು ಮಾತಾಡುವುದನ್ನು ಚೆನ್ನಾಗಿ ಕಲಿತಿದ್ದಾಳೆ. ನಾನೇ ಕಲಿಸಿದ್ದು. ಒಂದು ವಿಚಾರವನ್ನು ಅವಳು ಯೋಚಿಸುತ್ತಿಲ್ಲ. ಇಂಥ ಮರಗಳಲ್ಲಿ ಕೆಲವು ವರ್ಷ ಕಳೆದಂತೆ ತಾವೇ ಸರಿಹೋಗಬಹುದು. ಎಳೆಯ ವಯಸ್ಸಿನ ದೋಷ ಎಷ್ಟೋ ಇರುತ್ತವೆ. ಆಗುವುದಿಲ್ಲ ಎಂದು ಯಾರೂ ಸಾಧಿಸಿ ತೋರಿಸಿಲ್ಲವಲ್ಲ.

೧೦ ಜೂನ್

ಹಬ್ಬಕ್ಕೆ ಪಾರಿತ್ ಜಾಂಬುವಿಗೆ ಹೋಗಿ ಬಂದೆ. ಈ ಸಲ ಹೇಳಿಬಿಡಬೇಕು ಎಂದೇ ಹೋಗಿದ್ದೆ. ಅಮ್ಮನ ಕೈ ಹಿಡಿದು ಹಣೆಗೆ ಒತ್ತಿಕೊಂಡು ವರ್ಷದ ತಪ್ಪುಗಳಿಗೆಲ್ಲ ಕ್ಷಮೆ ಕೇಳುವ ಹೊತ್ತು, ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. "ಗೊತ್ತಿದ್ದು ಮಾಡಿದ್ದು, ಗೊತ್ತಿಲ್ಲದೆ ಮಾಡಿದ್ದು ಎಲ್ಲಾ ಕ್ಷಮಿಸು ಮಕ್" ಎಂದೆ. ಎಲ್ಲರೂ ಹೇಳುವ ಮಾತೇ ಅದು. ಅಮ್ಮ ತಲೆ ಸವರಿ, "ನೀನೇನು ತಪ್ಪು ಮಾಡ್ತೀಯೇ, ಊರಿಗೇ ಅನ್ನ ಹಾಕೋಳು" ಎಂದಳು. ಹಿಂದೆಯೇ ಮಕ್ಕಳು ಸಾಲಾಗಿ ಬಂದರು, ವಾಕ್ ತುಕಿರಾನ್ ಬಂದ, ಗರಿಯಲ್ಲಿ ಕಟ್ಟಿ ಬೇಯಿಸಿದ ಅನ್ನ ಬಿಚ್ಚಿದರು. ಗಳಿಗೆ ಹೋಯಿತು.

ತೋಟಕ್ಕೆ ಹೋಗಲಿಲ್ಲ. ಕಾಲು ನೋವು ಎಂದೆ. ರುಹಾಯಾ ತಾನೇ ಹೇಳಿದಳು, ಹೊಂಬಾಳೆಗಳು ಇಣುಕುತ್ತಿವೆಯಂತೆ.

೩ ಜುಲೈ

ಕೋಲಾಲಂಪುರದಿಂದ ನಿರ್ದೇಶಕರು ಬಂದಿದ್ದರು. ಅದಕ್ಕೆ ಮೊದಲು ಹೊಳೆಯ ಬದಿಯ ಮರಗಳ ಹೊಂಬಾಳೆ, ಗೊನೆ ಎಲ್ಲವನ್ನೂ ಕಡಿಸಿ ಚೊಕ್ಕ ಮಾಡಿಸಿದೆವು. ಇದರಲ್ಲಿ ಮುಚ್ಚುಮರೆ ಏನಿಲ್ಲ. ಎಳೆಯ ಮರದ ಮೊದಲ ಹೂಗಳನ್ನು ಕಡಿದು ಹಾಕುವುದು ಎಲ್ಲ ತೋಟಗಳಲ್ಲೂ ಇರುವ ಪದ್ಧತಿ, ಶಕ್ತಿಯೆಲ್ಲ ಕಾಂಡಕ್ಕೆ ಹೋಗಲಿ ಎಂದು. ಹಾಜಿ ಬಹಾರುಂ ಬರೀ ಕಣ್ಸನ್ನೆ ಮಾಡಿದರು, ಪದ್ಧತಿಯನ್ನು ನೆನಪಿಸಿದವಳು ನಾನು. ನಿರ್ದೇಶಕರು ಹಸಿರು ಗರಿಗಳನ್ನು ನೋಡಿ ಬೆರಗಾದರು. ತಂಪು ಯಂತ್ರ ಹೊಸದು ಬರುತ್ತದಂತೆ.

ರುಹಾಯಾಗೂ ಹೇಳಿ ಕಳಿಸಿದೆ, ಈ ವರ್ಷದ ಹೊಂಬಾಳೆಗಳನ್ನೆಲ್ಲ ಬರುತ್ತಿದ್ದಂತೆ ಕಡಿದು ಹಾಕು, ಗಿಡಕ್ಕೆ ಒಳ್ಳೆಯದು.

ಕಮ್ಸಿಯಾ ಇವತ್ತು ನನ್ನೊಡನೆ ಊಟಕ್ಕೆ ಕೂರಲಿಲ್ಲ.

೧೯ ಆಗಸ್ಟ್

ಕಮ್ಸಿಯಾಗೆ ಸಬಾದ ತೋಟಕ್ಕೆ ಬಡ್ತಿಯಾಗಿದೆ. ನಾನೇ ಮುಂದೆ ನಿಂತು ಶಿಫಾರಸು ಮಾಡಿದೆ. ಸಮುದ್ರದ ಆಚೆ, ಹೊಸ ಜಾಗ, ಮಣ್ಣಿನ ಪರೀಕ್ಷೆಯ ಕೆಲಸ. ಒಂದೇ ಕಡೆ ಇದ್ದರೆ ಹುಡುಗಿಯರು ಬೆಳೆಯುವುದಿಲ್ಲ.

ಹೊರಡುವ ಮುಂಚೆ ನನ್ನ ಕೋಣೆಗೆ ಬಂದಳು.

"ಅವತ್ತು ಬಾಟಲಿ ಮುಚ್ಚಿಟ್ಟಿದ್ದಕ್ಕೆ ಎಲ್ರೆದುರು ಬೈದಿರಿ. ಒಳ್ಳೇದೇ ಮಾಡಿದ್ರಿ ಕಾಕ್. ಬೈಸ್ಕೊಂಡ ಮೇಲೆ ನಿಮ್ಮ ಮೇಲೆ ಗೌರವ ಜಾಸ್ತಿ ಆಗಿತ್ತು."

"ಈಗ ಇಲ್ವಾ?" ಎಂದೆ ನಗುತ್ತ.

ಅವಳು ನಗಲಿಲ್ಲ. "ನಿಮ್ಮ ಮಕ್ ತೋಟದಲ್ಲಿ ಇರೋದು ಯಾವ ತಂಡ ಕಾಕ್?"

"ಬಸ್ಸಿಗೆ ಹೊತ್ತಾಯ್ತು, ಹೊರಡು," ಎಂದೆ.

ನನ್ನ ಕೈ ಹಿಡಿದು ಹಣೆಗೆ ಒತ್ತಿಕೊಂಡು ಹೋದಳು. ಅವಳ ಹಣೆ ಬಿಸಿಯಾಗಿತ್ತು. ಇಲ್ಲದ ಚಿಂತೆ ಹಚ್ಚಿಕೊಂಡು ಮೈ ಕೆಡಿಸಿಕೊಳ್ಳುವ ಸ್ವಭಾವ. ಅಲ್ಲಿ ಸಮುದ್ರದ ಗಾಳಿಗೆ ಸರಿಹೋಗುತ್ತಾಳೆ.

೪ ಸೆಪ್ಟೆಂಬರ್

ರಾಣಿಯನ್ನು ಹೊಸ ಬಾಟಲಿಗಳಿಗೆ ಬದಲಾಯಿಸಿದೆವು. ಚೆನ್ನಾಗಿ ಬೆಳೆದಿದೆ.

೧೮ ಸೆಪ್ಟೆಂಬರ್

ಮಳೆ. ಹೊಳೆಯ ಬದಿಗೆ ಹೋಗುವ ದಾರಿಯಲ್ಲಿ ಕೆಸರು. ಹೋಗಲಿಲ್ಲ.

೧೧ ಅಕ್ಟೋಬರ್

ರುಹಾಯಾ ಅಂಗಡಿಯಿಂದ ಫೋನ್ ಮಾಡಿದ್ದಳು. ಸಂತೋಷಕ್ಕೆ ಕಿರುಚುತ್ತಿದ್ದಳು.

"ಕಾಕ್, ಬೈಬೇಡ. ನೀನು ಹೇಳ್ದ ಹಾಗೆ ಎಲ್ಲಾ ಕಡಿದ್ವಿ. ಬಾಗಿಲ ಮುಂದಿನ ಒಂದು ಸಾಲು ಮಾತ್ರ ಬಿಟ್ಕೊಂಡಿದೀವಿ. ಮಕ್ ಕಡಿಯೋಕೇ ಬಿಡ್ಲಿಲ್ಲ, ನನ್ನ ಸೋಂಪು ಅಂತ ಮರಾನ ಅಪ್ಕೊಂಡು ನಿಂತ್ಬಿಟ್ಟಳು. ಈಗ ಒಂದು ಗೊನೆ ಬಂದಿದೆ! ಇಪ್ಪತ್ನಾಲ್ಕಕ್ಕೆ ಶುಕ್ರವಾರ ದುವಾ ಮಾಡಿಸಿ ಊರಿಗೆಲ್ಲ ಊಟ ಹಾಕ್ತೀವಿ. ನೀನು ಬರ್ಲೇಬೇಕು."

"ಗೊನೆ ಹೇಗಿದೆ?"

"ಒಂಥರಾ ಇದೆ. ಹೂವಿನ ಹಾಗೆ ಚೆನ್ನಾಗಿದೆ. ಊರವರೆಲ್ಲ ಬಂದು ನೋಡ್ಕೊಂಡು ಹೋಗ್ತಿದಾರೆ."

ಫೋನ್ ಇಟ್ಟೆ. ಆ ಊಟಕ್ಕೆ ಊರೆಲ್ಲ ಬರುತ್ತದೆ. ಅದನ್ನು ನೋಡಿಯೇ ಅವರು ಕೊಡಲಿ ಎತ್ತುತ್ತಾರೆ. ಹೋಗುತ್ತೇನೆ, ಎಲ್ಲರೆದುರು ನಿಂತು ಹೇಳುತ್ತೇನೆ. ಇನ್ನೂ ಹೊತ್ತು ಮೀರಿಲ್ಲ. ಕಡಿಯದ ತೆಂಗು ಕಡಿಯದೆಯೇ ಇರುತ್ತದೆ, ನನ್ನದು ಏನಾದರೂ ಆಗಲಿ.

೨೪ ಅಕ್ಟೋಬರ್

ಹೋಗಿ ಬಂದೆ.

ಮೊಗಸಾಲೆಯಲ್ಲಿ ಚಾಪೆ ಹಾಸಿ, ನಡುವೆ ಹಿತ್ತಾಳೆ ತಟ್ಟೆಯಲ್ಲಿ ಬಾಳೆಲೆಯ ಮೇಲೆ ಗೊನೆ ಇಟ್ಟಿದ್ದರು. ಪಕ್ಕದಲ್ಲಿ ಅರಿಶಿನ ಹಾಕಿ ಬೇಯಿಸಿದ ಅಂಟಕ್ಕಿಯ ಅನ್ನ. ಇಮಾಮರು ದುವಾ ಓದಿದರು, ಎಲ್ಲರೂ ಅಂಗೈ ಎತ್ತಿ ಆಮೀನ್ ಎಂದರು. ನಾನೂ ಎಂದೆ.

ಅಮ್ಮ ಬಗ್ಗಿ ಒಂದು ಕಾಯಿಯನ್ನು ಬೆರಳಿನಿಂದ ಸವರಿ ಸವರಿ ನೋಡಿದಳು.

"ಇದೇನೇ, ಹೊದ್ಕೊಂಡಿದೆಯಲ್ಲ! ನಮಾಜಿಗೆ ಕೂತಿರೋ ಹೆಂಗಸಿನ ಹಾಗೆ."

"ಹಜ್ ಮಾಡಿ ಬಂದ ಮರ ಅದು ಮಕ್!" ಎಂದ ಯಾರೋ. ಮೊಗಸಾಲೆ ಎಲ್ಲ ನಕ್ಕಿತು.

ವಾಕ್ ತುಕಿರಾನ್ ಮಾತ್ರ ನಗದೆ ಕಾಯನ್ನು ತಿರುಗಿಸಿ ನೋಡುತ್ತಿದ್ದ. "ಮಾಜ್ನಾ, ಇದು ಹೀಗೇ ಇರ್ಬೇಕಾ? ದೊಡ್ಡ ತೋಟದಲ್ಲಿ ನಾನು ನೋಡಿದ್ದು ಬೇರೆ ಥರ ಇತ್ತಪ್ಪ. ಗಿರಣಿಯವರು ಇದನ್ನ ತಗೋತಾರಾ?"

ಎಲ್ಲರೂ ನನ್ನ ಕಡೆ ತಿರುಗಿದರು. ಹೇಳುವ ಮಾತು ಬಾಯಲ್ಲೇ ಇತ್ತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಜೋಡಿಸಿಕೊಂಡು ಬಂದಿದ್ದೆ. ಅಮ್ಮ ನನ್ನ ದನಿ ಬರುವ ದಿಕ್ಕಿಗೆ ಮುಖ ಎತ್ತಿ ಕೂತಿದ್ದಳು. ಹೊಸ ಕುಪ್ಪಸ ಹೊಲಿಸಿಕೊಂಡಿದ್ದಳು.

"ಹೊಸ ತಳಿ ವಾಕ್," ಎಂದೆ. "ಮೊದಮೊದಲ ಗೊನೆ ಸ್ವಲ್ಪ ಹೀಗಿರುತ್ತೆ." ಗಂಟಲು ಸರಿಪಡಿಸಿಕೊಂಡೆ. "ಇನ್ನೊಂದು ಹಂಗಾಮು ನೋಡೋಣ."

"ಹಾಗೆ ಹೇಳು ಮತ್ತೆ," ಎಂದು ಅವನು ಕಾಯನ್ನು ತಟ್ಟೆಗೆ ಹಾಕಿದ. "ಹೆತ್ತ ತಾಯಿ ತೋಟಕ್ಕೇ ನೆಟ್ಟಿದೀಯ ಅಂದ್ಮೇಲೆ ನಮಗೇನು ಭಯ."

ಊಟ ಚೆನ್ನಾಗಿತ್ತು. ನನಗೆ ಸೇರಲಿಲ್ಲ.

ಎಲ್ಲರೂ ಹೋದ ಮೇಲೆ ಅಮ್ಮ ನನ್ನ ತೋಳು ಹಿಡಿದು ಬಾಗಿಲ ಮುಂದಿನ ಸಾಲಿಗೆ ಕರೆದುಕೊಂಡು ಹೋದಳು. ಹೊಂಬಾಳೆಗಳು ಅರಳಿ ನಿಂತಿದ್ದವು. ಅಲ್ಲಿಯೂ ಹುಳದ ಸದ್ದಿರಲಿಲ್ಲ. ಅಮ್ಮ ಮೂಗೆತ್ತಿ ಉಸಿರೆಳೆದಳು. ಇನ್ನೊಂದು ಮರದ ಹತ್ತಿರ ಹೋಗಿ, ಗರಿಯ ಮುಳ್ಳು ಸರಿಸಿಕೊಂಡು ಹೊಂಬಾಳೆಗೇ ಮುಖ ತಂದು ಮೂಸಿದಳು.

"ವಾಸನೆ ಎಲ್ಲೇ?"

ಅವಳ ತೋಳಿಗೆ ತಾಗುತ್ತಿದ್ದ ಗರಿಯನ್ನು ನಾನು ಪಕ್ಕಕ್ಕೆ ಸರಿಸಿದೆ.

"ಹೂ ಬಿಟ್ಟಾಗಿನಿಂದ ದಿನಾ ಬೆಳಿಗ್ಗೆ ಬಾಗಿಲಲ್ಲಿ ಕೂತು ಮೂಸ್ತೀನಿ. ಮಣ್ಣಿನ ವಾಸನೆ ಬರುತ್ತೆ, ಕಾಲುವೆ ವಾಸನೆ ಬರುತ್ತೆ. ಇದೊಂದು ಬರಲ್ಲ."

"ನಿನಗೆ ನೆಗಡಿ ಮಕ್."

"ನನಗಾ? ಒಂದು ಸೀನೂ ಬಂದಿಲ್ವಲ್ಲೇ."

"ಒಳಗೊಳಗೇ ಇರುತ್ತೆ. ಮೂಗು ಕಟ್ಟಿರೋದು ನಮಗೇ ಗೊತ್ತಾಗಲ್ಲ. ನನಗೆ ಎಷ್ಟು ಚೆನ್ನಾಗಿ ಬರ್ತಿದೆ ನೋಡು, ಘಮ್ ಅಂತ."

ಅಮ್ಮ ಇನ್ನೊಮ್ಮೆ ಉಸಿರೆಳೆದಳು. ಮೂಗನ್ನು ಬೆರಳಿನಿಂದ ಒತ್ತಿ ನೋಡಿಕೊಂಡಳು. "ಇರಬಹುದು," ಎಂದಳು. "ಕಣ್ಣು ಹೋಯ್ತು, ಇನ್ನು ಮೂಗಿನ ಸರದಿ. ವಯಸ್ಸಾಯ್ತಲ್ಲ." ಒಳಗೆ ಹೋಗಿ ಮೂಗಿಗೆ ಮುಲಾಮು ತಿಕ್ಕಿಕೊಂಡು, ಶುಂಠಿ ಜಜ್ಜಲು ಕೂತಳು.

ತಿರುಗಿದರೆ ರುಹಾಯಾ ಹಿಂದೆಯೇ ನಿಂತಿದ್ದಳು. ಅವಳಿಗೆ ನೆಗಡಿ ಇರಲಿಲ್ಲ. ನನ್ನನ್ನೇ ನೋಡಿದಳು. ಪಾತ್ರೆ ತೊಳೆಯಲು ಹೋದಳು.

೯ ನವೆಂಬರ್

ಮೂರನೇ ತಂಡದ ಗಿಡಗಳನ್ನು ತುಂಬಿಕೊಂಡು ಲಾರಿಗಳು ಪಾರಿತ್ ಜಾಂಬುವಿಗೆ ಹೋದವು. ಕಳಿಸುವ ಮೊದಲು ನಾನೇ ಒಂದೊಂದು ಸಾಲನ್ನೂ ನೋಡಿದೆ. ಎಲೆ, ಬೇರು, ಕಾಂಡ ಎಲ್ಲ ಚೆನ್ನಾಗಿವೆ. ಒಂದೂ ರೋಗದ ಗಿಡ ಇಲ್ಲ. ಹಾಜಿ ಬಹಾರುಂ ನನ್ನ ಕೈ ಕುಲುಕಿದರು. ಹತ್ತಿರದಿಂದ ನೋಡಿದರೆ ಅವರು ಅಷ್ಟೇನೂ ಕೆಟ್ಟವರಲ್ಲ, ಅವರ ತಲೆಯ ಮೇಲೂ ಭಾರ ಬಹಳ ಇದೆ.

ಕಮ್ಸಿಯಾ ಜಾಗಕ್ಕೆ ಬಂದಿರುವ ಹೊಸ ಹುಡುಗಿ ಬೂಷ್ಟು ಹಿಡಿದ ಬಾಟಲಿಯನ್ನು ಹಲಗೆಯಲ್ಲೇ ಬಿಟ್ಟಿದ್ದಳು. ಇಡೀ ಸಾಲನ್ನು ಕುದಿಸಿ ಚೆಲ್ಲಿಸಿದೆ. ಇಲ್ಲಿ ಮುಚ್ಚಿಡುವ ಆಟ ನಡೆಯುವುದಿಲ್ಲ ಎಂದು ಎಲ್ಲರೆದುರು ಹೇಳಿದೆ. ಯಾರೂ ನಗಲಿಲ್ಲ. ಈಗಿನ ಹುಡುಗಿಯರಿಗೆ ಭಯ ಜಾಸ್ತಿ.

೨೧ ನವೆಂಬರ್

ರುಹಾಯಾ ಫೋನ್ ಮಾಡಿದ್ದಳು. ಊರಿನಲ್ಲಿ ಕೊಡಲಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲವಂತೆ. ವಾಕ್ ತುಕಿರಾನ್ ತೆಂಗೆಲ್ಲ ಉರುಳಿತು. ಅಪ್ಪನದು ಉಳಿದಿದ್ದ ಅರ್ಧವನ್ನೂ ಕಡಿಸಿದರಂತೆ, ಅಮ್ಮನೇ ಮುಂದೆ ನಿಂತು ಕಡಿಸಿದಳಂತೆ. ರುಹಾಯಾ ಹೆಚ್ಚು ಮಾತಾಡಲಿಲ್ಲ, ಅವಳ ದನಿ ದೂರದಿಂದ ಬಂದ ಹಾಗಿತ್ತು. ಲೈನು ಸರಿ ಇರಲಿಲ್ಲವೋ ಏನೋ.

ಇಡುವ ಮೊದಲು ಇನ್ನೊಂದು ಹೇಳಿದಳು. ಅಮ್ಮನಿಗೆ ಈಗ ಸೋಂಪಿನ ವಾಸನೆ ಬರುತ್ತಿದೆಯಂತೆ. ಬೆಳಿಗ್ಗೆ ಎದ್ದ ಕೂಡಲೇ ಬಾಗಿಲಲ್ಲಿ ಕೂತು, ದಾರಿಯಲ್ಲಿ ಹೋಗುವವರನ್ನೆಲ್ಲ ಕೂಗಿ ಕರೆದು ಹೇಳುತ್ತಾಳಂತೆ, ನನ್ನ ಮಗಳು ಹೇಳಿದ ಹಾಗೆಯೇ ಆಯಿತು, ಅಂಗಳವೆಲ್ಲ ಘಮ್ ಅನ್ನುತ್ತಿದೆ ಎಂದು.

ನೆಗಡಿ ಬಿಟ್ಟಿರಬೇಕು.